ಹಿಮದ ನಾಡಿನ ಕುದುರೆ ಸವಾರಿ ಅರೇನಾ: ಹೈದರಾಬಾದ್‌ಗೂ ಬೇಕು ಅದೇ ಪಾಠ, ಯಾಕೆ ಗೊತ್ತಾ?

ಹೈದರಾಬಾದ್: ಕುದುರೆ ಎಂದಾಕ್ಷಣ ಹೈದರಾಬಾದಿಗರಿಗೆ ನೆನಪಾಗುವುದು ಮಲಕ್‌ಪೇಟೆಯ ರೇಸ್‌ಕೋರ್ಸ್. ಆದರೆ ಅಜೀಜ್‌ನಗರ ಸೇರಿದಂತೆ ನಗರದ ಹೊರವಲಯದಲ್ಲಿ ಸವಾರಿ ಕಲಿಸುವ ಕ್ಲಬ್‌ಗಳೂ ಇವೆ. ಮಕ್ಕಳನ್ನು ಸೇರಿಸಲು ಹೋಗುವ ಪೋಷಕರು ಕುದುರೆ ನೋಡುತ್ತಾರೆ, ಹೆಲ್ಮೆಟ್ ಇದೆಯೇ ಎಂದು ಕೇಳುತ್ತಾರೆ, ಶುಲ್ಕ ವಿಚಾರಿಸುತ್ತಾರೆ. ಕಾಲ ಕೆಳಗಿನ ನೆಲವನ್ನು ಗಮನಿಸುವವರು ಕಡಿಮೆ. ಕುದುರೆಯ ಕಾಲು ಉಳಿಯುವುದು, ಹೋಗುವುದು ಬಹುಮಟ್ಟಿಗೆ ಅದೇ ನೆಲದಿಂದ.

ಸುಮಾರು 500 ಕೆ.ಜಿ. ತೂಗುವ ಕುದುರೆ ಅಡ್ಡಗಂಬಿ ಹಾರಿ ಇಳಿಯುವಾಗ ಭಾರವೆಲ್ಲ ಮೊದಲು ಬೀಳುವುದು ಮುಂಗಾಲಿನ ಮೇಲೆ. ನೆಲ ಗಟ್ಟಿಯಾಗಿದ್ದರೆ ಮೂಳೆ, ಕೀಲುಗಳಿಗೆ ಪೆಟ್ಟು. ಮರಳು ಆಳವಾಗಿದ್ದರೆ ಗೊರಸು ಹೂತು ಸ್ನಾಯುರಜ್ಜು ಎಳೆಯುತ್ತದೆ. ಜಾರಿದರೆ ಕುದುರೆಯ ಜತೆ ಸವಾರನೂ ಕೆಳಗೆ. ಹೀಗಾಗಿ ಅರೇನಾ ಎಂದರೆ ಬಯಲಿಗೆ ಮರಳು ಸುರಿದು ಬೇಲಿ ಹಾಕುವ ಕೆಲಸವಲ್ಲ. ಇದನ್ನು ಚೆನ್ನಾಗಿ ಅರಿತವರು ಚಳಿ ದೇಶಗಳ ಜನ. ಅಲ್ಲಿ ತಪ್ಪು ಮಾಡಿದರೆ ಒಂದೇ ಚಳಿಗಾಲದಲ್ಲಿ ಗೊತ್ತಾಗುತ್ತದೆ.

ಚಳಿಯಲ್ಲಿ ನೆಲವೇ ಉಬ್ಬುತ್ತದೆ!

ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಸುಮಾರು ಶೇ 9ರಷ್ಟು ಹೆಚ್ಚುತ್ತದೆ. ಮಣ್ಣಿನೊಳಗೆ ಮಂಜುಗಡ್ಡೆಯ ಪದರ ಕಟ್ಟಿಕೊಂಡರೆ ಅದು ಕೆಳಗಿನಿಂದ ಇನ್ನಷ್ಟು ನೀರನ್ನು ಎಳೆದುಕೊಂಡು ನೆಲವನ್ನೇ ಮೇಲಕ್ಕೆತ್ತುತ್ತದೆ. ಬೇಸಿಗೆಯಲ್ಲಿ ಸಮತಟ್ಟಾಗಿದ್ದ ಅಂಗಣ ಚಳಿಗಾಲ ಕಳೆಯುವಷ್ಟರಲ್ಲಿ ಏರುತಗ್ಗು.

ಇದಕ್ಕೆ ಪರಿಹಾರ ಮರಳಿನಲ್ಲಿಲ್ಲ, ಅದರ ಕೆಳಗಿದೆ. ಮೊದಲು ಬುಡದ ಮಣ್ಣನ್ನು ಚೆನ್ನಾಗಿ ದಮ್ಮಸು ಮಾಡಿ ಸ್ವಲ್ಪ ಇಳಿಜಾರು ಕೊಡುತ್ತಾರೆ. ಅದರ ಮೇಲೆ ನೀರು ಬಸಿದು ಹೋಗಲು ಜಲ್ಲಿಯ ಪದರ. ಜಲ್ಲಿ ಮತ್ತು ಮರಳು ಬೆರೆಯದಂತೆ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ. ಎಲ್ಲಕ್ಕೂ ಮೇಲೆ ಮರಳು. ಆ ಮರಳು ಕಲ್ಲಾಗದಂತೆ ಮೆಗ್ನೀಸಿಯಂ ಕ್ಲೋರೈಡ್ ಉಪ್ಪು ಬೆರೆಸುವುದುಂಟು, ಇಲ್ಲವೇ ಮೇಣ ಲೇಪಿಸಿದ ಮರಳನ್ನೇ ಬಳಸುತ್ತಾರೆ. ಕೆಳಗೆ ನೀರು ನಿಲ್ಲದಿದ್ದರೆ ಹೆಪ್ಪುಗಟ್ಟಲು ಅಲ್ಲಿ ಏನೂ ಇರುವುದಿಲ್ಲ, ಅಷ್ಟೇ ಗುಟ್ಟು.

ಗಾಳಿಗೆ ಗೋಡೆ ಕಟ್ಟಿದರೆ ಸಾಕೇ?

ಸಾಲದು. ಗಾಳಿಗೆ ಎದುರಾಗಿ ಸಂದೇ ಇಲ್ಲದ ಗೋಡೆ ನಿಲ್ಲಿಸಿದರೆ ಗಾಳಿ ಅದನ್ನು ಹಾರಿ ಆಚೆ ಬದಿಯಲ್ಲಿ ಸುಳಿಯಾಗಿ ಬೀಳುತ್ತದೆ. ಅರ್ಧದಷ್ಟು ಸಂದು ಇರುವ ಬೇಲಿ ಅಥವಾ ಮರಗಳ ಸಾಲು ಗಾಳಿಯ ವೇಗವನ್ನು ಹೆಚ್ಚು ದೂರದವರೆಗೆ ತಗ್ಗಿಸುತ್ತದೆ. ಹಿಮ ಬೀಳುವ ಕಡೆ ಇಂಥ ಬೇಲಿಯನ್ನು ಅರೇನಾದಿಂದ ದೂರದಲ್ಲೇ ಹಾಕಬೇಕು, ಏಕೆಂದರೆ ಹಿಮ ರಾಶಿ ಬೀಳುವುದು ಬೇಲಿಯ ಹಿಂದೆ.

ಚಾವಣಿ ಇರುವ ಅರೇನಾಗಳ ಕಥೆ ಹಳೆಯದು. ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲ್‌ನ ‘ವಿಂಟರ್ ರೈಡಿಂಗ್ ಸ್ಕೂಲ್’ ಕಟ್ಟಿದ್ದು 1729ರಿಂದ 1735ರ ನಡುವೆ. ಹೆಸರೇ ಹೇಳುವಂತೆ ಚಳಿಗಾಲದ ಸವಾರಿ ಶಾಲೆ ಅದು. 55 ಮೀಟರ್ ಉದ್ದ, 18 ಮೀಟರ್ ಅಗಲದ ಆ ಅಂಗಣದ ನಡುವೆ ಒಂದೂ ಕಂಬವಿಲ್ಲ. ಇಂದಿನ ಅಂತಾರಾಷ್ಟ್ರೀಯ ಡ್ರೆಸಾಜ್ ಅಂಗಣದ ಅಳತೆ 60 ಮೀಟರ್ ಉದ್ದ, 20 ಮೀಟರ್ ಅಗಲ.

ಒಳಾಂಗಣ ಎಂದರೆ ಬೆಚ್ಚಗಿರಬೇಕು ಎಂಬುದು ತಪ್ಪು ಕಲ್ಪನೆ. ಚಳಿಗಾಲದ ರೋಮ ಬೆಳೆದ ಆರೋಗ್ಯವಂತ ಕುದುರೆಗೆ ಚಳಿಗಿಂತ ಕೆಟ್ಟ ಗಾಳಿಯೇ ಹೆಚ್ಚು ಅಪಾಯ. ಎಲ್ಲ ಕಡೆ ಮುಚ್ಚಿದರೆ ಉಸಿರಿನ ತೇವ ತಗಡಿಗೆ ತಾಗಿ ಹನಿಯಾಗಿ ತೊಟ್ಟಿಕ್ಕುತ್ತದೆ, ದೂಳು ಒಳಗೇ ಉಳಿಯುತ್ತದೆ. ಆದ್ದರಿಂದ ಚಾವಣಿಯ ನೆತ್ತಿಯಲ್ಲಿ ಗಾಳಿ ಹೋಗಲು ಸಂದು ಬಿಡುತ್ತಾರೆ.

ಸರಿ, ಹೈದರಾಬಾದ್‌ನಲ್ಲಿ ಹಿಮ ಎಲ್ಲಿದೆ?

ಹಿಮವಿಲ್ಲ. ಆದರೆ ಹಿಮ ಮಾಡುವ ಕೆಲಸವನ್ನು ದಖ್ಖನ್ನಿನಲ್ಲಿ ಕಪ್ಪು ಎರೆಮಣ್ಣು ಮಾಡುತ್ತದೆ. ಮಳೆ ಬಂದರೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರುಕು ಬಿಡುತ್ತದೆ. ಕಲಬುರಗಿ, ಬೀದರ್ ಕಡೆ ಮನೆ ಕಟ್ಟಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಥ ಮಣ್ಣಿನ ಮೇಲೆ ನೇರವಾಗಿ ಮರಳು ಹರಡಿದರೆ ಒಂದೆರಡು ಮಳೆಗಾಲದಲ್ಲಿ ಅಂಗಣ ಅಲೆಅಲೆ. ಎರೆಮಣ್ಣು ತೆಗೆದು ಗರಸು ತುಂಬಿ, ಅದೇ ಜಲ್ಲಿ, ಅದೇ ಬಟ್ಟೆಯ ಪದರ ಹಾಕುವುದೇ ದಾರಿ.

ನೀರಿನ ಲೆಕ್ಕ ನೋಡಿ. 1,200 ಚದರ ಮೀಟರ್ ಅಂಗಣದ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1,200 ಲೀಟರ್. 2020ರ ಅಕ್ಟೋಬರ್ 13-14ರ ಮಹಾಮಳೆಯಲ್ಲಿ ಬೇಗಂಪೇಟೆಯಲ್ಲಿ ಸುಮಾರು 19 ಸೆಂ.ಮೀ. ದಾಖಲಾಗಿತ್ತು. ಅಂದರೆ ಅಷ್ಟಗಲದ ಅಂಗಣಕ್ಕೆ ಹತ್ತಿರಹತ್ತಿರ 2.3 ಲಕ್ಷ ಲೀಟರ್, 5,000 ಲೀಟರಿನ 46 ಟ್ಯಾಂಕರ್! ಅದೇ ಬೇಸಿಗೆಯಲ್ಲಿ, ತಾಪಮಾನ 40 ಡಿಗ್ರಿ ಮುಟ್ಟುವಾಗ, ದೂಳೇಳದಂತೆ ಅಂಗಣಕ್ಕೆ ನೀರು ಚಿಮುಕಿಸಬೇಕು. ಚಾವಣಿಯ ನೀರನ್ನು ತೊಟ್ಟಿಗೆ ಹಾಯಿಸಿದರೆ ಎರಡೂ ತಲೆನೋವಿಗೆ ಒಂದೇ ಮದ್ದು. ಚಳಿ ನಾಡಿನಲ್ಲಿ ತೇವ ಹೊರಹಾಕುವ ನೆತ್ತಿಯ ಸಂದು ಇಲ್ಲಿ ಬಿಸಿಗಾಳಿಯನ್ನು ಹೊರಹಾಕುತ್ತದೆ.

ಇನ್ನು ಗಾಳಿ. ಬಹಳ ಮಂದಿ ಕಡೆಗಣಿಸುವ ಸಂಗತಿ ಇದೇ. ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗದ ಪ್ರಕಾರ ಕಟ್ಟಡ ವಿನ್ಯಾಸಕ್ಕೆ ಬೆಂಗಳೂರಿನ ಮೂಲ ಗಾಳಿ ವೇಗ ಸೆಕೆಂಡಿಗೆ 33 ಮೀಟರ್, ಹೈದರಾಬಾದ್‌ನದ್ದು 44 ಮೀಟರ್, ಅಂದರೆ ಗಂಟೆಗೆ ಸುಮಾರು 158 ಕಿ.ಮೀ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಹೈದರಾಬಾದ್‌ನ ಶೆಡ್ ಸುಮಾರು 1.8 ಪಟ್ಟು ಒತ್ತಡ ತಾಳಬೇಕು. ಬೆಂಗಳೂರಿನಲ್ಲಿ ಕಟ್ಟಿದ ಶೆಡ್‌ನ ನಕ್ಷೆಯನ್ನೇ ತಂದು ಇಲ್ಲಿ ಕಟ್ಟಿದರೆ ಅಪಾಯ. ತೆರೆದ ಶೆಡ್‌ನಲ್ಲಿ ಗಾಳಿ ತಗಡನ್ನು ಕೆಳಗಿನಿಂದ ನೂಕುತ್ತದೆ, ಮೇಲಿನಿಂದ ಹೀರುತ್ತದೆ. ಒಂದೇ ಬದಿ ತೆರೆದಿದ್ದು ಗಾಳಿ ಅಲ್ಲಿಂದಲೇ ನುಗ್ಗಿದರೆ ಪರಿಸ್ಥಿತಿ ಇನ್ನೂ ಕೆಟ್ಟದ್ದು. ಹಾಗಾಗಿ ಕಂಬದ ಬುಡ ಭಾರ ಹೊರುವುದಷ್ಟೇ ಅಲ್ಲ, ಚಾವಣಿ ಹಾರಿಹೋಗದಂತೆ ಹಿಡಿದೂ ನಿಲ್ಲಬೇಕು.

ಸವಾರರು ಯುರೋಪಿಗೆ ಹೋಗುವುದೇಕೆ?

ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೇ ಸ್ಥಾನ ಪಡೆದ ಬೆಂಗಳೂರಿನ ಫೌವಾದ್ ಮಿರ್ಜಾ ತಯಾರಿ ನಡೆಸಿದ್ದು ಜರ್ಮನಿಯಲ್ಲಿ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 2023ರ ಸೆಪ್ಟೆಂಬರ್ 26ರಂದು ಡ್ರೆಸಾಜ್ ತಂಡ ಚಿನ್ನ ಗೆದ್ದು ಕುದುರೆ ಸವಾರಿಯಲ್ಲಿ 41 ವರ್ಷಗಳ ಬರ ನೀಗಿಸಿತು. ಆ ಸವಾರರೂ ಯುರೋಪಿನಲ್ಲೇ ಪಳಗಿದವರು. ಕಾರಣ ಅರೇನಾ ಒಂದೇ ಅಲ್ಲ. ತರಬೇತುದಾರರು, ಸ್ಪರ್ಧೆಗಳು ಅಲ್ಲಿವೆ. ಭಾರತದಿಂದ ಕುದುರೆ ಹೊರಕ್ಕೆ ಕೊಂಡೊಯ್ಯಲು ರೋಗ ನಿಯಂತ್ರಣದ ಕಟ್ಟುನಿಟ್ಟಿನ ನಿಯಮಗಳೂ ಅಡ್ಡಿ. ಆದರೂ ಮಳೆ, ಹಿಮ ಎನ್ನದೆ ವರ್ಷವಿಡೀ ಅಭ್ಯಾಸಕ್ಕೆ ಸಿಗುವ ನೆಲ ಸಣ್ಣ ಸವಲತ್ತಲ್ಲ.

ಪೋಷಕರು ಏನು ನೋಡಬೇಕು?

ಮಳೆ ನಿಂತು ಅರ್ಧ ದಿನ ಕಳೆದ ಮೇಲೆ ಕ್ಲಬ್‌ಗೆ ಹೋಗಿ. ನೀರು ಇನ್ನೂ ನಿಂತಿದ್ದರೆ ಬುಡ ಸರಿಯಿಲ್ಲ. ಮರಳನ್ನು ಮುಷ್ಟಿಯಲ್ಲಿ ಹಿಡಿದು ಬಿಡಿ. ನುಣ್ಣನೆ ದುಂಡು ಕಣದ ಹೊಳೆ ಮರಳು ಗೊರಸಿನಡಿ ಉರುಳುತ್ತದೆ. ಎಂ-ಸ್ಯಾಂಡ್‌ನ ಮೂಲೆಯುಳ್ಳ ಕಣಗಳು ಹಿಡಿದು ನಿಲ್ಲುತ್ತವೆ. ಆದರೆ ತೊಳೆಯದ ಎಂ-ಸ್ಯಾಂಡ್‌ನ ಕಲ್ಲುಪುಡಿ ಕುದುರೆಯ ಶ್ವಾಸಕೋಶಕ್ಕೂ ಮಗುವಿನ ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ಕೈ ತುಂಬ ಬಿಳಿ ಪುಡಿ ಅಂಟಿತೆಂದರೆ ಮರಳು ತೊಳೆದದ್ದೇ ಎಂದು ಕೇಳಿ.