ಪೇಜ್‌ಮೇಕರ್‌ಗೆ ವಿದಾಯ ಹೇಳುವ ಮುನ್ನ

ತೊಂಬತ್ತರ ದಶಕದಿಂದ ಈಚೆಗೆ ಅಚ್ಚಾದ ಕನ್ನಡ ಪುಸ್ತಕಗಳ ಮೊದಲ ಪುಟಗಳಲ್ಲಿ, ‘ಡಿಟಿಪಿ’ ಅಥವಾ ‘ಅಕ್ಷರ ಜೋಡಣೆ’ ಎಂಬ ಮಾತಿನ ಮುಂದೆ ಯಾವುದೋ ಬಡಾವಣೆಯ ಪುಟ್ಟ ಅಂಗಡಿಯ ಹೆಸರು ಕಾಣುತ್ತದೆ. ಆ ಅಂಗಡಿಯಲ್ಲಿ ಪುಟ ಕಟ್ಟಿದ ತಂತ್ರಾಂಶದ ಹೆಸರನ್ನು ಯಾರೂ ಹಾಕುವುದಿಲ್ಲ. ಬಹಳಷ್ಟು ಸಲ ಅದು ಪೇಜ್‌ಮೇಕರ್. ಅಡೋಬಿ ಕಂಪನಿ ಅದರ ಕೊನೆಯ ಆವೃತ್ತಿಯಾದ 7.0 ಅನ್ನು ಹೊರತಂದದ್ದು 2001ರಲ್ಲಿ. ಇನ್ನು ಮುಂದೆ ಅದನ್ನು ಬೆಳೆಸುವುದಿಲ್ಲ ಎಂದು ಪ್ರಕಟಿಸಿದ್ದು 2004ರಲ್ಲಿ. ಆಮೇಲೂ ವರ್ಷಾನುಗಟ್ಟಲೆ ಲಗ್ನಪತ್ರಿಕೆಯಿಂದ ಅಭಿನಂದನ ಗ್ರಂಥದವರೆಗೆ ಕನ್ನಡದ ಪುಟಗಳು ಅದರಲ್ಲೇ ಹುಟ್ಟಿದವು. ಹೊಸದನ್ನು ಕಲಿಯಲು ನಮ್ಮವರಿಗೆ ಬೇಸರ, ಅದಕ್ಕೇ ಹೀಗಾಯಿತು ಎನ್ನುವುದು ಸುಲಭದ ವಿವರಣೆ. ಅದು ಸರಿಯಲ್ಲ. ಕನ್ನಡವನ್ನು ಪೇಜ್‌ಮೇಕರ್‌ಗೆ ಕಟ್ಟಿಹಾಕಿದ್ದು ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಕೂಡಿಡುವ ವಿಧಾನ. ಆ ಗಂಟನ್ನು ಬಿಚ್ಚದೆ ಹೇಳುವ ವಿದಾಯ ಅರ್ಧ ವಿದಾಯ.

ಪೇಜ್‌ಮೇಕರ್‌ನ ಮೂಲ ಅಮೆರಿಕದ ಸಿಯಾಟಲ್. ಪತ್ರಿಕಾ ಕಚೇರಿಗಳಿಗೆ ದುಬಾರಿ ಸಂಪಾದನಾ ಯಂತ್ರಗಳನ್ನು ಒದಗಿಸುತ್ತಿದ್ದ ಅಟೆಕ್ಸ್ ಕಂಪನಿಯಲ್ಲಿದ್ದ ಪಾಲ್ ಬ್ರೇನರ್ಡ್, ಅದರ ಸ್ಥಳೀಯ ಶಾಖೆ ಮುಚ್ಚಿದಾಗ ಕೆಲವು ಎಂಜಿನಿಯರುಗಳೊಂದಿಗೆ ಸೇರಿ 1984ರಲ್ಲಿ ಸ್ವಂತ ಕಂಪನಿ ಕಟ್ಟಿದರು. ವೆನಿಸ್ ನಗರದಲ್ಲಿ ಐದು ಶತಮಾನಗಳ ಹಿಂದೆ, ಕೈಯಲ್ಲಿ ಹಿಡಿದು ಓದಬಹುದಾದ ಚಿಕ್ಕ ಗಾತ್ರದ ಪುಸ್ತಕಗಳನ್ನು ಮುದ್ರಿಸಿ ಹೆಸರಾದ ಆಲ್ಡಸ್ ಮನುಟಿಯಸ್‌ನ ನೆನಪಿಗೆ ಅದನ್ನು ಆಲ್ಡಸ್ ಎಂದು ಕರೆದರು. 1985ರಲ್ಲಿ ಮ್ಯಾಕಿಂಟಾಷ್‌ಗಾಗಿ ಪೇಜ್‌ಮೇಕರ್ ಬಂತು. ಅಲ್ಲಿಯವರೆಗೆ ಪುಟ ಕಟ್ಟುವುದೆಂದರೆ ಅಕ್ಷರದ ಪಟ್ಟಿಗಳನ್ನು ಕತ್ತರಿಸಿ, ಮೇಜಿನ ಮೇಲಿನ ಹಾಳೆಗೆ ಅಂಟಿಸಿ, ಗೆರೆ ಸರಿ ಮಾಡುವ ಕೆಲಸ. ಬ್ರೇನರ್ಡ್ ತಂಡ ಆ ಮೇಜನ್ನೇ ಪರದೆಯ ಮೇಲೆ ತಂದಿಟ್ಟಿತು: ನಡುವೆ ಪುಟ, ಸುತ್ತ ಖಾಲಿ ಜಾಗ, ಬೇಕಾದ ತುಣುಕನ್ನು ಪಕ್ಕಕ್ಕಿಟ್ಟು ಮತ್ತೆ ಎಳೆದುಕೊಳ್ಳುವ ಅನುಕೂಲ. ಅಂಟಿಸಿ ಪಳಗಿದ ಕೈಗೆ ಇದು ಹೊಸದೆನಿಸಲೇ ಇಲ್ಲ. ‘ಡೆಸ್ಕ್‌ಟಾಪ್ ಪಬ್ಲಿಷಿಂಗ್’ ಎಂಬ ಹೆಸರಿಟ್ಟವರೂ ಬ್ರೇನರ್ಡ್ ಅವರೇ. ಅದರ ಮೊದಲಕ್ಷರಗಳೇ ನಮ್ಮ ಬೀದಿಗಳ ನಾಮಫಲಕಗಳಲ್ಲಿ ಡಿಟಿಪಿ ಆಗಿ ನಿಂತವು.

ಹಿರಿಮೆಯೆಲ್ಲ ಪೇಜ್‌ಮೇಕರ್‌ನದಲ್ಲ, ಅದೇ ವರ್ಷ ಮಾರುಕಟ್ಟೆಗೆ ಬಂದ ಆಪಲ್‌ನ ಲೇಸರ್‌ರೈಟರ್ ಮುದ್ರಕದ್ದು, ಅದರೊಳಗಿದ್ದ ಅಡೋಬಿಯ ಪೋಸ್ಟ್‌ಸ್ಕ್ರಿಪ್ಟ್ ಭಾಷೆಯದ್ದು ಎಂದು ವಾದಿಸುವವರಿದ್ದಾರೆ. ಅವರ ಮಾತಿನಲ್ಲಿ ತೂಕವಿದೆ. ಅಕ್ಷರದ ಅಂಚನ್ನು ಗಣಿತದ ರೇಖೆಯಾಗಿ ವಿವರಿಸುವ ಪೋಸ್ಟ್‌ಸ್ಕ್ರಿಪ್ಟ್ ಇಲ್ಲದಿದ್ದರೆ ಪರದೆಯ ಪುಟ ಕಾಗದಕ್ಕೆ ಅಚ್ಚುಕಟ್ಟಾಗಿ ಇಳಿಯುತ್ತಿರಲಿಲ್ಲ. ಆದರೆ ಏಳು ಸಾವಿರ ಡಾಲರ್ ಹತ್ತಿರದ ಮುದ್ರಕವನ್ನು ಕೊಳ್ಳಲು ಜನರಿಗೆ ಕಾರಣ ಕೊಟ್ಟದ್ದು ಅದರಿಂದ ಏನು ಮಾಡಬಹುದೆಂದು ತೋರಿಸಿದ ಪೇಜ್‌ಮೇಕರ್. ಮುಂದೆ ವಿಂಡೋಸ್‌ಗೂ ಬಂದದ್ದರಿಂದ ಅಗ್ಗದ ಕಂಪ್ಯೂಟರುಗಳಿಗೆ ಹಬ್ಬಿತು. ಭಾರತದ ಅಂಗಡಿಗಳಿಗೆ ಅದು ಹೊಕ್ಕಿದ್ದು ಮುಖ್ಯವಾಗಿ ಈ ದಾರಿಯಿಂದ. 1994ರಲ್ಲಿ ಅಡೋಬಿ ಆಲ್ಡಸ್ ಅನ್ನು ಕೊಂಡಿತು, 1999ರಲ್ಲಿ ಪುಟ ಕಟ್ಟುವ ತನ್ನದೇ ಹೊಸ ತಂತ್ರಾಂಶ ಇನ್‌ಡಿಸೈನ್ ತಂದಿತು. ಪೇಜ್‌ಮೇಕರ್‌ನ ಕೊನೆ ಅಲ್ಲೇ ಬರೆದಾಗಿತ್ತು.

ಕನ್ನಡಕ್ಕೆ ಪೇಜ್‌ಮೇಕರ್ ಕೊಟ್ಟದ್ದು ಇಂಗ್ಲಿಷಿಗೆ ಕೊಟ್ಟದ್ದಕ್ಕಿಂತ ದೊಡ್ಡದು. ಅಚ್ಚಿನ ಮೊಳೆ ಜೋಡಿಸುವ ಕಾಲದಲ್ಲಿ ಇಂಗ್ಲಿಷಿನ ಕಂಪೋಸಿಟರ್‌ಗೆ ಬೇಕಿದ್ದ ಮೊಳೆಗಳ ಹಲವು ಪಟ್ಟು ಕನ್ನಡಕ್ಕೆ ಬೇಕಿತ್ತು: ಗುಣಿತಾಕ್ಷರ, ಒತ್ತಕ್ಷರ, ಅರ್ಕಾವತ್ತು, ಪ್ರತಿಯೊಂದೂ ಹಲವು ಗಾತ್ರಗಳಲ್ಲಿ. ಬಂಡವಾಳವಿಲ್ಲದವರು ಆ ಕೆಲಸಕ್ಕೆ ಕೈಹಾಕುವಂತಿರಲಿಲ್ಲ. ಡಿಟಿಪಿ ಬಂದಮೇಲೆ ಒಂದು ಕಂಪ್ಯೂಟರ್, ಒಂದು ಲೇಸರ್ ಮುದ್ರಕ ಇದ್ದವರು ಪುಟ ಕಟ್ಟಿ, ಟ್ರೇಸಿಂಗ್ ಹಾಳೆಯಲ್ಲಿ ತೆಗೆದು ಆಫ್‌ಸೆಟ್ ಮುದ್ರಣಾಲಯಕ್ಕೆ ಕಳಿಸಬಹುದಾಯಿತು. ಸಣ್ಣ ಊರುಗಳ ಪ್ರಕಾಶಕರು, ಸಂಘಗಳ ಸ್ಮರಣ ಸಂಚಿಕೆಗಳು, ಸ್ವಂತ ಖರ್ಚಿನ ಕವನ ಸಂಕಲನಗಳು ಈ ಸರಪಳಿಯ ಮೇಲೆ ನಿಂತವು.

ಆದರೆ ಪೇಜ್‌ಮೇಕರ್‌ಗೆ ಕನ್ನಡ ಗೊತ್ತಿರಲಿಲ್ಲ. ಒಂದು ಫಾಂಟಿನಲ್ಲಿ ಅದಕ್ಕೆ ತಿಳಿಯುತ್ತಿದ್ದ ಮನೆಗಳು 256. ಅದರಲ್ಲೂ ಹಲವು ಬಳಕೆಗೆ ಬಾರದವು. ನಮ್ಮ ತಂತ್ರಜ್ಞರು ಅಕ್ಷರಗಳನ್ನು ಒಡೆದರು. ತಲೆಕಟ್ಟು, ಕೊಂಬು, ಇಳಿ, ಒತ್ತುಗಳನ್ನು ಬೇರೆಬೇರೆ ಚೂರುಗಳನ್ನಾಗಿಸಿ ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಮನೆಗಳಲ್ಲಿ ಕೂರಿಸಿದರು. ಕೀಲಿ ಒತ್ತಿದಾಗ ಚೂರುಗಳು ಒಂದರ ಪಕ್ಕ ಒಂದು ಬಿದ್ದು ಕನ್ನಡದಂತೆ ಕಾಣುತ್ತಿದ್ದವು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಬೆರಳಿನ ಕೆಲಸವನ್ನು ಸರಳಗೊಳಿಸಿತು. ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರ ಬರಹ, ಜೊತೆಗೆ ಶ್ರೀಲಿಪಿ, ಆಕೃತಿ, ಪ್ರಕಾಶಕ ಎಂಬ ತಂತ್ರಾಂಶಗಳು ಈ ಕೌಶಲವನ್ನು ಮನೆಮನೆಗೆ ಮುಟ್ಟಿಸಿದವು. ಇದು ಅಸಾಧಾರಣ ಜಾಣ್ಮೆ. ಅದಿಲ್ಲದಿದ್ದರೆ ಕನ್ನಡ ಅಚ್ಚಿನ ಲೋಕ ಹತ್ತು ಹದಿನೈದು ವರ್ಷ ಹಿಂದುಳಿಯುತ್ತಿತ್ತು.

ಇದಕ್ಕೆ ತೆತ್ತ ಬೆಲೆ ಈಗ ಕಾಣುತ್ತಿದೆ. ಕಡತದಲ್ಲಿ ಕನ್ನಡ ಇಲ್ಲ, ಕನ್ನಡದ ಚಿತ್ರ ಮಾತ್ರ ಇದೆ. ನುಡಿಯ ಹಳೆಯ ಫಾಂಟಿನಲ್ಲಿ ಬರೆದ ‘ನ’ ಅಕ್ಷರದ ಮುಖ್ಯ ಚೂರು, ಫಾಂಟ್ ತೆಗೆದರೆ ಬ್ರಿಟನ್ನಿನ ಪೌಂಡ್ ಚಿಹ್ನೆಯಾಗಿ ನಿಲ್ಲುತ್ತದೆ. ಒಂದು ಕಂಪನಿಯ ಚೂರುಗಳ ಕ್ರಮ ಇನ್ನೊಂದಕ್ಕೆ ಹೊಂದುವುದಿಲ್ಲ. ಎಲ್ಲ ಲಿಪಿಗಳಿಗೂ ಒಂದೇ ಸಂಕೇತ ಕ್ರಮ ಕೊಡುವ ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, ಆದರೆ ಪೇಜ್‌ಮೇಕರ್ ಅದನ್ನು ಕಲಿಯದೆ ನಿಂತುಹೋಯಿತು. ಇನ್‌ಡಿಸೈನ್ ಭಾರತೀಯ ಲಿಪಿಗಳನ್ನು ಸರಿಯಾಗಿ ಕೂಡಿಸತೊಡಗಿದ್ದು 2012ರ ಸಿಎಸ್6 ಆವೃತ್ತಿಯ ಹೊತ್ತಿಗೆ. ಆ ನಡುವಿನ ವರ್ಷಗಳಲ್ಲಿ ಡಿಟಿಪಿಯವರು ಪೇಜ್‌ಮೇಕರ್ ಬಿಟ್ಟು ಹೋಗಬೇಕಿದ್ದುದಾದರೂ ಎಲ್ಲಿಗೆ? ಅವರನ್ನು ಹಳೆಕಾಲದವರೆಂದು ದೂರುವುದು ಅನ್ಯಾಯ.

ಪುಸ್ತಕ ಅಚ್ಚಾಗಿ ಕಪಾಟಿನಲ್ಲಿರುವಾಗ ಕಡತದ ಚಿಂತೆ ಏಕೆ ಎಂದು ಕೇಳಬಹುದು. ಮರುಮುದ್ರಣಕ್ಕೆ ಮತ್ತೆ ಮೊದಲಿನಿಂದ ಬೆರಳಚ್ಚು ಮಾಡಿಸಬೇಕಾಗುತ್ತದೆ ಎನ್ನುವುದು ಒಂದು ಉತ್ತರ. ಅದಕ್ಕಿಂತ ಮುಖ್ಯವಾದುದು, ಕಣ್ಣು ಕಾಣದ ಓದುಗರು ಬಳಸುವ ಓದುವ ತಂತ್ರಾಂಶಕ್ಕೆ ಈ ಚೂರುಗಳು ಅರ್ಥವಿಲ್ಲದ ಸದ್ದು. ಇವುಗಳಿಂದ ಮಾಡಿದ ಪಿಡಿಎಫ್‌ನಲ್ಲಿ ‘ಕುವೆಂಪು’ ಎಂದು ಹುಡುಕಿದರೂ ಸಿಗುವುದಿಲ್ಲ; ನಿಘಂಟು ಮಾಡುವವರಿಗೂ ಸಂಶೋಧಕರಿಗೂ ಅಷ್ಟು ಸಾಹಿತ್ಯ ಇಲ್ಲದ ಹಾಗೆಯೇ. ಯುನಿಕೋಡ್ ಫಾಂಟುಗಳು ಚೆಂದವಿಲ್ಲ ಎಂಬ ದೂರು ಒಂದು ಕಾಲಕ್ಕೆ ನಿಜವಾಗಿತ್ತು. ಈಗ ನವಿಲು, ಗುಬ್ಬಿ, ಟಿರೊ ಕನ್ನಡ, ಬಾಲೂ ತಮ್ಮ, ನೋಟೊ ಉಚಿತವಾಗಿಯೇ ಸಿಗುತ್ತವೆ, ಆಯ್ಕೆ ಇನ್ನೂ ಸಾಲದು ಎಂಬುದನ್ನು ಒಪ್ಪುತ್ತೇನೆ. ಇನ್‌ಡಿಸೈನ್‌ನ ಚಂದಾ ಸಣ್ಣ ಅಂಗಡಿಗೆ ಭಾರ ಎನ್ನುವುದು ಇನ್ನೂ ಗಟ್ಟಿಯಾದ ಆಕ್ಷೇಪ. ಅವರಿಗೆ 2024ರಲ್ಲಿ ಬಂದ ಸ್ಕ್ರೈಬಸ್ 1.6 ಇದೆ, ಅದು ಉಚಿತ, ಸಂಕೀರ್ಣ ಲಿಪಿಗಳನ್ನು ಕೂಡಿಸಬಲ್ಲದು.

ಸಮಯ ಮಾತ್ರ ಹೆಚ್ಚಿಲ್ಲ. ಪೇಜ್‌ಮೇಕರ್ ಕಡತವನ್ನು ತೆರೆಯುವ ಕೊನೆಯ ಇನ್‌ಡಿಸೈನ್ ಅದೇ ಸಿಎಸ್6. ಲಿಬ್ರೆಆಫೀಸ್ ಒಂದು ಮಟ್ಟಿಗೆ ತೆರೆಯುತ್ತದೆ. ಹಳೆಯ ಸಿ.ಡಿ.ಗಳು, ಹಾರ್ಡ್ ಡಿಸ್ಕ್‌ಗಳು ಕೆಡುತ್ತಿವೆ. ಲೇಖಕರೂ ಪ್ರಕಾಶಕರೂ ತಮ್ಮ ಪುಸ್ತಕದ ಪುಟ ಕಟ್ಟಿದವರಿಗೆ ಈಗಲೇ ಒಂದು ಫೋನ್ ಮಾಡಿ ಕಡತ ಉಳಿದಿದೆಯೇ ಎಂದು ಕೇಳಲಿ. ಉಳಿದಿದ್ದರೆ ಪಠ್ಯವನ್ನು ಹೊರತೆಗೆಸಿ, ಪರಿವರ್ತಕದ ಮೂಲಕ ಯುನಿಕೋಡ್‌ಗೆ ತಂದು, ಕರಡು ತಿದ್ದಿಸಿ ಇಟ್ಟುಕೊಳ್ಳಲಿ. ಆ ಕೆಲಸಕ್ಕೆ ಡಿಟಿಪಿಯವರಿಗೆ ತಕ್ಕ ಕೂಲಿಯನ್ನೂ ಕೊಡಲಿ.