ಪಠ್ಯಪುಸ್ತಕ ಮಾರಿದವರ ಶಾಂತಿಪಾಠ

ಎಡ್ವಿನ್ ಗಿನ್ ಶಾಲಾ ಪಠ್ಯಪುಸ್ತಕ ಅಚ್ಚು ಹಾಕಿಸಿ ಹಣವಂತರಾದವರು. 1838ರಲ್ಲಿ ಅಮೆರಿಕದ ಮೇನ್ ರಾಜ್ಯದಲ್ಲಿ ಹುಟ್ಟಿ, ಟಫ್ಟ್ಸ್ ಕಾಲೇಜಿನಲ್ಲಿ ಓದಿ, ಬಾಸ್ಟನ್ನಿನಲ್ಲಿ ಪ್ರಕಾಶನ ಕಟ್ಟಿದರು. ದೇಶಗಳು ಪೈಪೋಟಿಗೆ ಬಿದ್ದು ಸೈನ್ಯಕ್ಕೆ ಸುರಿಯುತ್ತಿದ್ದ ಹಣ ಕಂಡು ಅವರಿಗೆ ಸಂಕಟವಾಗುತ್ತಿತ್ತು. ಶಾಂತಿಯೂ ಕಲಿತೇ ಬರಬೇಕಾದ ವಿದ್ಯೆ ಎಂದು ನಂಬಿ, 1910ರಲ್ಲಿ ‘ಅಂತರರಾಷ್ಟ್ರೀಯ ಶಾಂತಿ ಶಾಲೆ’ ಎಂಬ ಹೆಸರಿನ ಸಂಸ್ಥೆ ತೆರೆದು ಹತ್ತು ಲಕ್ಷ ಡಾಲರ್ ಮುಡಿಪಿಟ್ಟರು. ಅದೇ ಮುಂದೆ ‘ವರ್ಲ್ಡ್ ಪೀಸ್ ಫೌಂಡೇಷನ್’ ಆಯಿತು. 1914ರ ಜನವರಿಯಲ್ಲಿ ಗಿನ್ ತೀರಿಕೊಂಡರು. ಅದೇ ವರ್ಷ ಮೊದಲ ಮಹಾಯುದ್ಧ ಶುರುವಾಯಿತು.

ಸಂಸ್ಥೆ ಮಾತ್ರ ಬಾಗಿಲು ಹಾಕಲಿಲ್ಲ. ಇನ್ನೊಂದು ಮಹಾಯುದ್ಧ ಮುಗಿದು ವಿಶ್ವಸಂಸ್ಥೆ ಕಣ್ಣು ಬಿಡುತ್ತಿದ್ದಾಗ, 1947ರಲ್ಲಿ, ‘ಇಂಟರ್‌ನ್ಯಾಷನಲ್ ಆರ್ಗನೈಸೇಷನ್’ ಎಂಬ ತ್ರೈಮಾಸಿಕವನ್ನು ಹೊರತಂದಿತು. ಆರಂಭದ ಸಂಚಿಕೆಗಳಲ್ಲಿ ಲೇಖನಗಳ ಜೊತೆಗೆ ಮಹಾಸಭೆ, ಭದ್ರತಾ ಮಂಡಳಿ, ಕಾರ್ಮಿಕ ಸಂಸ್ಥೆಗಳ ಕೆಲಸಕಾರ್ಯದ ಸಾರಾಂಶಗಳು ಪುಟಗಟ್ಟಲೆ ಇರುತ್ತಿದ್ದವು. ನಮ್ಮ ಪಂಚಾಯಿತಿಯ ನಡಾವಳಿ ಪುಸ್ತಕವೇ ಜಗತ್ತಿನಷ್ಟು ದೊಡ್ಡದಾದ ಹಾಗೆ.

ಆಮೇಲೆ ಸಿದ್ಧಾಂತದ ಕಾಲ ಬಂತು. 1971ರಲ್ಲಿ ರಾಜ್ಯಶಾಸ್ತ್ರಜ್ಞರಾದ ಕಿಯೋಹೇನ್ ಮತ್ತು ನೈ ಸಂಪಾದಿಸಿದ ವಿಶೇಷ ಸಂಚಿಕೆ, ಸರ್ಕಾರಗಳಾಚೆಗೆ ಗಡಿ ದಾಟುವ ಕಂಪನಿ, ಸಂಘಗಳ ಕಡೆ ಕಣ್ಣು ಹಾಯಿಸಿತು. ನನಗೆ ಹೆಚ್ಚು ಹಿಡಿಸಿದ್ದು ಇದೇ ಪತ್ರಿಕೆಯಲ್ಲಿ 1988ರಲ್ಲಿ ಬಂದ, ರಾಜ್ಯಶಾಸ್ತ್ರಜ್ಞ ರಾಬರ್ಟ್ ಪಟ್ನಮ್ ಅವರ ಲೇಖನ. ಶ್ರೀಮಂತ ದೇಶಗಳ ನಾಯಕರು ಸೇರಿದ್ದ 1978ರ ಬಾನ್ ಶೃಂಗಸಭೆಯ ಉದಾಹರಣೆಯಿಂದ ಅವರು ಹೇಳುವುದಿಷ್ಟು: ಸಂಧಾನಕಾರನಿಗೆ ಎರಡು ಮೇಜು. ಒಂದರಲ್ಲಿ ಪರದೇಶದ ನಾಯಕರು, ಇನ್ನೊಂದರಲ್ಲಿ ಸ್ವದೇಶದ ಪಕ್ಷಗಳು, ಹಿತಾಸಕ್ತಿ ಗುಂಪುಗಳು. ಪಡಸಾಲೆಯಲ್ಲಿ ಬೀಗರಿಗೆ ಕೊಟ್ಟ ಮಾತನ್ನು ಅಡುಗೆಮನೆಯೂ ಒಪ್ಪಿದರೇ ಮದುವೆ. ಎಷ್ಟೋ ಒಪ್ಪಂದಗಳು ಮುರಿಯುವುದು ಆ ಒಳಮನೆಯಲ್ಲಿ.

ಇಂದು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಮುದ್ರಣಾಲಯ ಪತ್ರಿಕೆಯನ್ನು ಪ್ರಕಟಿಸುತ್ತದೆ. ಲೇಖಕರ ಹೆಸರು ಮರೆಮಾಡಿ, ವಿಷಯ ಬಲ್ಲವರಿಂದ ತೂಗಿಸಿ ನೋಡುತ್ತಾರೆ. ಬಂದ ಬರಹಗಳಲ್ಲಿ ಬಹುಪಾಲು ಹಿಂದಿರುಗುತ್ತವೆ. ಅಂಕಿಸಂಖ್ಯೆಯ ಭಾರದಿಂದ ಸಾಮಾನ್ಯ ಓದುಗರಿಗೆ ಅದು ದೂರವಾಗಿದೆ. ಇಂಥ ಬರಹಗಳ ಸಾರವಾದರೂ ನಮ್ಮ ಕಾಲೇಜು ಮಕ್ಕಳಿಗೆ ಕನ್ನಡದಲ್ಲಿ ಸಿಗಬೇಕು.

ಫೌಂಡೇಷನ್ 2011ರಲ್ಲಿ ಗಿನ್ ಓದಿದ ಟಫ್ಟ್ಸ್‌ಗೇ ಹೋಗಿ ಸೇರಿತು. 2025ರ ಜನವರಿಯಲ್ಲಿ ಗಿನ್ ಅವರ ದೇಶವಾದ ಅಮೆರಿಕ ವಿಶ್ವ ಆರೋಗ್ಯ ಸಂಸ್ಥೆಯನ್ನು ಬಿಡುವುದಾಗಿ ಸಾರಿತು. ಪತ್ರಿಕೆಯಿಂದ ಆ ನಡಾವಳಿಯ ಪುಟಗಳು ಎಂದೋ ಮರೆಯಾಗಿವೆ. ಒಬ್ಬೊಬ್ಬರೇ ಮೇಜು ಬಿಟ್ಟು ಏಳುತ್ತಿರುವ ಈ ದಿನಗಳಲ್ಲಿ, ಒಮ್ಮೆ ಎಲ್ಲರೂ ಕೂತಿದ್ದರೆಂದು ಬರೆದಿಟ್ಟ ಆ ಹಳೆಯ ಪುಟಗಳೇ ನನಗೆ ನೆನಪಾಗುತ್ತವೆ.