ಲೋಳೆಸರ ಬಾಡಿದೆಯೇ? ನೀರೆರೆಯುವ ಮುನ್ನ ಬೇರು ನೋಡಿ

ತುಳಸಿಕಟ್ಟೆಯ ಪಕ್ಕದಲ್ಲೋ, ಅಡುಗೆಮನೆಯ ಕಿಟಕಿಯಾಚೆಗೋ, ನಗರದ ಬಹುಮಹಡಿ ಕಟ್ಟಡದ ಬಾಲ್ಕನಿಯಲ್ಲೋ ಲೋಳೆಸರದ ಒಂದು ಕುಂಡ ಕಾಣಸಿಗುವುದು ನಮ್ಮಲ್ಲಿ ಸಾಮಾನ್ಯ. ಕೈ ಸುಟ್ಟರೆ ಹಚ್ಚಲು, ತಲೆಗೂದಲಿಗೆ ತಿಕ್ಕಲು ಒದಗುವ ಈ ಗಿಡಕ್ಕೆ ‘ಆರೈಕೆಯೇ ಬೇಡದ ಗಿಡ’ ಎಂಬ ಹೆಸರೂ ಇದೆ. ಹೀಗಿದ್ದರೂ ಮಳೆಗಾಲ ಮುಗಿಯುವಷ್ಟರಲ್ಲಿ ಹಲವು ಮನೆಗಳ ಲೋಳೆಸರ ಸೊರಗಿ, ಎಲೆಗಳು ಮೆತ್ತಗಾಗಿ, ಕುಂಡದ ಅಂಚಿಗೆ ಜೋತುಬಿದ್ದಿರುತ್ತವೆ. ಬಾಡಿದ ಗಿಡವನ್ನು ಕಂಡೊಡನೆ ನಾವು ಮಾಡುವ ಮೊದಲ ಕೆಲಸವೆಂದರೆ ಒಂದು ಚೊಂಬು ನೀರು ಹಾಕುವುದು. ಬಹಳಷ್ಟು ಲೋಳೆಸರಗಳು ಸಾಯುವುದು ಈ ಚೊಂಬು ನೀರಿನಿಂದಲೇ.

ಹಗಲು ಬಾಯಿ ಮುಚ್ಚುವ ಗಿಡ

ಲೋಳೆಸರದ ಮೂಲ ನೆಲೆ ಅರೇಬಿಯಾ ಪರ್ಯಾಯ ದ್ವೀಪದ ಒಣಭೂಮಿ ಎಂಬುದು ಸಸ್ಯವಿಜ್ಞಾನಿಗಳ ಅಭಿಪ್ರಾಯ. ಅಪರೂಪಕ್ಕೆ ಬೀಳುವ ಮಳೆಯ ನೀರನ್ನು ದಪ್ಪ ಎಲೆಗಳಲ್ಲಿ ಕೂಡಿಟ್ಟುಕೊಂಡು ತಿಂಗಳುಗಟ್ಟಲೆ ಬದುಕುವ ರಚನೆ ಇದರದ್ದು. ಸಾಮಾನ್ಯ ಗಿಡಗಳು ಹಗಲಿನಲ್ಲಿ ಎಲೆಯ ಸೂಕ್ಷ್ಮ ರಂಧ್ರಗಳನ್ನು ತೆರೆದು ಇಂಗಾಲದ ಡೈ ಆಕ್ಸೈಡ್ ಪಡೆಯುತ್ತವೆ. ಆಗ ನೀರಿನ ಆವಿಯೂ ಹೊರಹೋಗುತ್ತದೆ. ಲೋಳೆಸರವಾದರೋ ಹಗಲಿನಲ್ಲಿ ಈ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿಯ ತಂಪಿನಲ್ಲಿ ತೆರೆಯುತ್ತದೆ. ರಾತ್ರಿ ಪಡೆದ ಅನಿಲವನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ದಾಸ್ತಾನು ಮಾಡಿ, ಮರುದಿನ ಬಿಸಿಲಿನಲ್ಲಿ ಆಹಾರ ತಯಾರಿಕೆಗೆ ಬಳಸಿಕೊಳ್ಳುತ್ತದೆ.

ಈ ವಿದ್ಯಮಾನವನ್ನು ಅರಿಯುವ ಕಥೆಯಲ್ಲಿ ಬೆಂಗಳೂರಿನ ನಂಟುಳ್ಳ ಒಬ್ಬ ವಿಜ್ಞಾನಿಯ ಹೆಸರೂ ಇದೆ. 1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಲಾಲ್‌ಬಾಗಿನ ಉಸ್ತುವಾರಿ ನೋಡಿಕೊಂಡಿದ್ದ ಬೆಂಜಮಿನ್ ಹೇನ್, ನಮ್ಮ ಹಿತ್ತಲುಗಳಲ್ಲಿ ಬೆಳೆಯುವ ಕಾಡುಬಸಳೆಯ ಎಲೆ ಬೆಳಿಗ್ಗೆ ಹುಳಿಯಾಗಿದ್ದು, ಹಗಲು ಏರಿದಂತೆ ಆ ಹುಳಿ ಇಲ್ಲವಾಗುವುದನ್ನು ಗಮನಿಸಿ ಬರೆದ. ಲಂಡನ್ನಿನ ಲಿನಿಯನ್ ಸೊಸೈಟಿಯ ಸಂಪುಟದಲ್ಲಿ ಅದು 1815ರಲ್ಲಿ ಪ್ರಕಟವಾಯಿತು. ರಾತ್ರಿ ಕೂಡಿಟ್ಟ ಆಮ್ಲ ಹಗಲಿನಲ್ಲಿ ಖರ್ಚಾಗುವುದೇ ಈ ರುಚಿಭೇದಕ್ಕೆ ಕಾರಣ. ಲೋಳೆಸರವೂ ಅನುಸರಿಸುವುದು ಇದೇ ಕ್ರಮವನ್ನು.

ಇಷ್ಟು ಮಿತವ್ಯಯಿಯಾದ ಗಿಡ ಕುಂಡದ ನೀರನ್ನು ಹೀರುವುದು ಬಹು ನಿಧಾನ. ದಾಸವಾಳಕ್ಕೆ ಹಾಕುವಂತೆ ಇದಕ್ಕೂ ನಿತ್ಯ ನೀರು ಹಾಕಿದರೆ ಆ ನೀರು ಮಣ್ಣಿನಲ್ಲೇ ನಿಲ್ಲುತ್ತದೆ.

ನೀರಿದ್ದೂ ಬಾಡುವುದೇಕೆ?

ಬೇರಿಗೂ ಉಸಿರಾಟ ಬೇಕು. ಮಣ್ಣಿನ ಕಣಗಳ ನಡುವಣ ಜಾಗವನ್ನು ನೀರು ತುಂಬಿಕೊಂಡಾಗ ಅಲ್ಲಿ ಗಾಳಿ ಇರುವುದಿಲ್ಲ. ಆಮ್ಲಜನಕ ಸಿಗದ ಬೇರು ಸಾಯತೊಡಗುತ್ತದೆ. ಅದರ ಹಿಂದೆಯೇ ಶಿಲೀಂಧ್ರದಂತಹ ಜೀವಿಯಾದ ಪಿಥಿಯಂ, ಶಿಲೀಂಧ್ರವಾದ ಫ್ಯುಸೇರಿಯಂ ಮೊದಲಾದವು ದಾಳಿಯಿಡುತ್ತವೆ. ಸತ್ತ ಬೇರು ನೀರನ್ನು ಹೀರಲಾರದು. ಹೀಗಾಗಿ ಬುಡದಲ್ಲಿ ನೀರು ನಿಂತಿದ್ದರೂ ಎಲೆ ಸೊರಗುತ್ತದೆ. ಮಳೆಗಾಲದಲ್ಲಿ ಕಾಳುಮೆಣಸಿನ ಬಳ್ಳಿಗೆ ಸೊರಗು ರೋಗ ತಗಲುವುದನ್ನು ಕಂಡಿರುವ ಕೃಷಿಕರಿಗೆ ಇದು ಹೊಸ ಸಂಗತಿಯೇನಲ್ಲ. ಅಲ್ಲಿಯೂ ನೆಲ ತೇವವಾಗಿಯೇ ಇರುತ್ತದೆ, ಬಳ್ಳಿ ಮಾತ್ರ ಬಾಡುತ್ತದೆ.

ಬಾಯಾರಿದ ಗಿಡವೂ ಬೇರು ಕೊಳೆತ ಗಿಡವೂ ದೂರದಿಂದ ಒಂದೇ ರೀತಿ ಕಾಣುತ್ತವೆ. ಚಿಕಿತ್ಸೆ ಮಾತ್ರ ತದ್ವಿರುದ್ಧ. ಆದುದರಿಂದ ಮೊದಲು ಪರೀಕ್ಷೆ ನಡೆಯಬೇಕು. ಒಂದು ಒಣ ಕಡ್ಡಿಯನ್ನು ಮಣ್ಣಿಗೆ ಎರಡು ಮೂರು ಅಂಗುಲ ಆಳಕ್ಕೆ ಚುಚ್ಚಿ ತೆಗೆಯಿರಿ. ಕಡ್ಡಿ ಒಣಗಿಯೇ ಹೊರಬಂದು, ಎಲೆಗಳು ತೆಳ್ಳಗಾಗಿ ಒಳಮುಖವಾಗಿ ಮಡಚಿಕೊಂಡಿದ್ದರೂ ಗಟ್ಟಿಯಾಗಿದ್ದರೆ ಗಿಡಕ್ಕೆ ಬಾಯಾರಿಕೆಯಾಗಿದೆ ಎಂದರ್ಥ. ತೂತಿನಿಂದ ನೀರು ಹೊರಬರುವಷ್ಟು ಎರೆದರೆ ಕೆಲವೇ ದಿನಗಳಲ್ಲಿ ಎಲೆ ತುಂಬಿಕೊಳ್ಳುತ್ತದೆ. ಕಡ್ಡಿಗೆ ಒದ್ದೆ ಮಣ್ಣು ಅಂಟಿಕೊಂಡು, ಎಲೆಯ ಬುಡ ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಮೆತ್ತಗಾಗಿ ದುರ್ವಾಸನೆ ಬರುತ್ತಿದ್ದರೆ ಬೇರು ಕೊಳೆತಿದೆಯೆಂದೇ ತಿಳಿಯಬೇಕು. ಅಂತಹ ಗಿಡಕ್ಕೆ ಮತ್ತೆ ಒಂದು ಹನಿಯನ್ನೂ ಹಾಕಬಾರದು.

ಚಿಕಿತ್ಸೆ ಹೇಗೆ?

ಗಿಡವನ್ನು ಮಣ್ಣುಸಹಿತ ಕುಂಡದಿಂದ ಹೊರತೆಗೆದು ಮಣ್ಣನ್ನು ಮೆಲ್ಲಗೆ ಉದುರಿಸಿ. ಆರೋಗ್ಯವಂತ ಬೇರು ಬಿಳಿ ಅಥವಾ ನಸುಹಳದಿಯಾಗಿ ಗಟ್ಟಿಯಾಗಿರುತ್ತದೆ. ಕೊಳೆತದ್ದು ಕಪ್ಪಾಗಿ, ಬೆರಳಲ್ಲಿ ಹಿಡಿದೆಳೆದರೆ ಸಿಪ್ಪೆ ಕಳಚಿಬರುತ್ತದೆ. ಸ್ಪಿರಿಟ್‌ನಿಂದ ಒರೆಸಿದ ಹರಿತವಾದ ಚಾಕುವಿನಿಂದ ಕೊಳೆತ ಬೇರುಗಳನ್ನೂ ಮೆತ್ತಗಾದ ಎಲೆಗಳನ್ನೂ ಕತ್ತರಿಸಿಹಾಕಿ. ಕಾಂಡದ ಕೊಯ್ದ ಭಾಗದಲ್ಲಿ ಕಂದು ಕಲೆಯಿದ್ದರೆ, ಕಲೆಯಿಲ್ಲದ ಶುಭ್ರ ತಿರುಳು ಕಾಣುವವರೆಗೂ ಮೇಲಕ್ಕೆ ಕೊಯ್ಯುತ್ತ ಹೋಗಬೇಕು. ಇಲ್ಲಿ ಕರುಣೆ ತೋರಿದರೆ ಉಳಿದ ಭಾಗಕ್ಕೂ ಕೊಳೆತ ಹರಡುತ್ತದೆ.

ಅನಂತರ ಗಿಡವನ್ನು ಗಾಳಿಯಾಡುವ ನೆರಳಿನಲ್ಲಿ ಮೂರರಿಂದ ಏಳು ದಿನ ಹಾಗೆಯೇ ಇಡಬೇಕು. ಮಣ್ಣಿಲ್ಲದೆ ಗಿಡ ಸತ್ತೀತೆಂಬ ಆತಂಕ ಬೇಡ; ಎಲೆಯೊಳಗಿನ ದಾಸ್ತಾನು ಅಷ್ಟು ದಿನಕ್ಕೆ ಧಾರಾಳ ಸಾಕು. ಕೊಯ್ದ ಜಾಗ ಒಣಗಿ ಪೊರೆಗಟ್ಟಿದ ಮೇಲಷ್ಟೇ ಮತ್ತೆ ನೆಡಬೇಕು. ಗಾಯಕ್ಕೆ ಅರಿಶಿನ ಹಚ್ಚುವ ರೂಢಿ ಕೆಲವೆಡೆ ಉಂಟು. ಅದು ತಪ್ಪಲ್ಲವಾದರೂ ಗಾಯ ಒಣಗುವುದೇ ಮುಖ್ಯ.

ಕುಂಡವು ಮಣ್ಣಿನದಾದರೆ ಉತ್ತಮ. ಅದರ ಗೋಡೆಯಿಂದಲೂ ತೇವ ಆರುತ್ತದೆ. ತಳದಲ್ಲಿ ತೂತು ಇರಲೇಬೇಕು. ಪುಟ್ಟ ಗಿಡಕ್ಕೆ ದೊಡ್ಡ ಕುಂಡ ಬೇಡ, ಬೇರಿಲ್ಲದ ಕಡೆಯ ಮಣ್ಣು ವಾರಗಟ್ಟಲೆ ಒದ್ದೆಯಾಗಿಯೇ ಉಳಿಯುತ್ತದೆ. ಅರ್ಧ ಪಾಲು ದಪ್ಪ ಮರಳು ಅಥವಾ ಇಟ್ಟಿಗೆಯ ಚೂರು, ಉಳಿದರ್ಧ ಕೆಂಪು ಮಣ್ಣು ಹಾಗೂ ಸ್ವಲ್ಪ ಹಳೆಯ ಗೊಬ್ಬರ ಸೇರಿದ ಮಿಶ್ರಣ ಸಾಕು. ತೆಂಗಿನ ನಾರಿನ ಪುಡಿ ನೀರನ್ನು ಹಿಡಿದಿಡುವುದರಿಂದ ಅದನ್ನು ಹೆಚ್ಚಾಗಿ ಬಳಸಬಾರದು. ತಳಕ್ಕೆ ಜಲ್ಲಿ ಹಾಸಿದರೆ ನೀರು ಬೇಗ ಬಸಿಯುತ್ತದೆಂಬ ನಂಬಿಕೆಯಿದೆ. ವಾಸ್ತವವಾಗಿ ಜಲ್ಲಿಯ ಮೇಲಣ ಮಣ್ಣಿನಲ್ಲೇ ನೀರು ತಡೆದು ನಿಲ್ಲುತ್ತದೆ. ತೂತಿನ ಮೇಲೆ ಒಂದು ಹೆಂಚಿನ ಚೂರು ಇಟ್ಟರೆ ಸಾಕು.

ನೆಟ್ಟ ಬಳಿಕ ಒಂದು ವಾರ ನೀರು ಹಾಕದೆ, ಬೆಳಕಿದ್ದೂ ನೇರ ಬಿಸಿಲಿಲ್ಲದ ಕಡೆ ಇಡಿ. ಆಮೇಲೆ ಒಮ್ಮೆ ನೀರು ಕೊಟ್ಟು, ಮಣ್ಣು ಪೂರ್ತಿ ಒಣಗುವವರೆಗೆ ಕಾಯಬೇಕು. ಮೂರು ನಾಲ್ಕು ವಾರಗಳ ನಂತರ ಮೆಲ್ಲಗೆ ಎಳೆದು ನೋಡಿದಾಗ ಗಿಡ ಮಣ್ಣನ್ನು ಹಿಡಿದುಕೊಂಡಿದ್ದರೆ ಹೊಸ ಬೇರು ಮೂಡಿದೆಯೆಂದು ತಿಳಿಯಬಹುದು. ಆಗ ಎಳೆಬಿಸಿಲಿಗೆ ಹಂತಹಂತವಾಗಿ ಒಡ್ಡಬೇಕು. ನೆರಳಿನ ಗಿಡವನ್ನು ಒಮ್ಮೆಲೇ ಮಧ್ಯಾಹ್ನದ ಬಿಸಿಲಿಗಿಟ್ಟರೆ ಎಲೆ ಕೆಂಪಾಗಿ ಸುಟ್ಟುಹೋಗುತ್ತದೆ. ಹೊಸ ಎಲೆ ಬರುವವರೆಗೆ ಗೊಬ್ಬರವೂ ಬೇಡ.

ಕಾಂಡ ಸಂಪೂರ್ಣ ಕೊಳೆತಿದ್ದರೆ?

ಕಾಡುಬಸಳೆಯಂತೆ ಒಂದೇ ಎಲೆಯಿಂದ ಲೋಳೆಸರವನ್ನು ಬೆಳೆಸಲಾಗದು. ಎಲೆಯನ್ನು ನೆಟ್ಟರೆ ಅದು ಕೊಳೆಯುವುದೇ ಹೆಚ್ಚು. ಬುಡದಲ್ಲಿ ಮರಿಗಳಿದ್ದರೆ ಅವೇ ಆಸರೆ. ಮೂರು ನಾಲ್ಕು ಅಂಗುಲ ಬೆಳೆದು ಸ್ವಂತ ಬೇರು ಬಿಟ್ಟ ಮರಿಯನ್ನು ಬಿಡಿಸಿ, ಎರಡು ದಿನ ಒಣಗಿಸಿ, ಬೇರೆ ಕುಂಡದಲ್ಲಿ ಹೊಸ ಮಣ್ಣಿಗೆ ನೆಡಿ. ತಾಯಿಗಿಡ ಸತ್ತರೂ ಸಂತತಿ ಉಳಿಯುತ್ತದೆ. ಕೊಳೆತ ಗಿಡದ ಲೋಳೆಯನ್ನು ಮೈಗಾಗಲಿ, ತಲೆಗಾಗಲಿ ಹಚ್ಚಿಕೊಳ್ಳಬಾರದು.

ಮತ್ತೆ ಇದೇ ಸ್ಥಿತಿ ಬಾರದಿರಲು ಊರಿನ ಹವೆಗೆ ತಕ್ಕಂತೆ ನಡೆದುಕೊಳ್ಳಬೇಕು. ಕರಾವಳಿ, ಮಲೆನಾಡುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುಂಡವನ್ನು ಸೂರಿನಡಿಗೆ ತಂದಿಟ್ಟು ನೀರನ್ನು ಬಹುಮಟ್ಟಿಗೆ ನಿಲ್ಲಿಸುವುದೇ ಸರಿ. ಕಲಬುರಗಿ, ವಿಜಯಪುರಗಳ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಬೇಕಾದೀತು. ಬೆಂಗಳೂರಿನ ಚಳಿಗಾಲದಲ್ಲಿ ಎರಡು ಮೂರು ವಾರಕ್ಕೊಮ್ಮೆ ಸಾಕಾದೀತು. ಎಲ್ಲೇ ಇರಲಿ, ಕಡ್ಡಿಯ ಪರೀಕ್ಷೆಯೇ ನಂಬಿಗಸ್ತ ಮಾನದಂಡ. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಆಗಿಂದಾಗ್ಗೆ ಚೆಲ್ಲಬೇಕು.

ಗಿಡ ಚೇತರಿಸಿಕೊಳ್ಳುವಾಗ ಹೊರಸುತ್ತಿನ ಹಳೆಯ ಎಲೆಗಳು ಒಂದೆರಡು ಒಣಗಿಹೋಗುವುದುಂಟು. ಅದನ್ನು ಕಂಡು ಪ್ರಯತ್ನ ಕೈಗೂಡಲಿಲ್ಲವೆಂದು ಗಿಡವನ್ನು ಎಸೆಯಬೇಡಿ. ನೋಡಬೇಕಾದುದು ನಡುವಿನ ಸುಳಿಯನ್ನು. ಅಲ್ಲಿ ಹಸಿರು ಎಲೆಯೊಂದು ತಲೆಯೆತ್ತಿದ್ದರೆ ಗಿಡ ಉಳಿದಂತೆಯೇ ಸರಿ.